ಪಿ. ರಾಜ್ ನೀರು ಹೊತ್ತ ಬೇಸಿಗೆ

ಮಂಡ್ಯದ ಪೇಟೆ ಬೀದಿಯಲ್ಲಿರುವ ಅನ್ವರನ ಗುಜರಿ ಅಂಗಡಿಗೆ ನಾನು ಹೋಗಿದ್ದು ಟಾರ್ಚಿನ ಮುಚ್ಚಳ ಹುಡುಕಿಕೊಂಡು. ಅಲ್ಲಿ ನನಗಿಂತ ಮೊದಲೇ ಒಬ್ಬ ನಡುವಯಸ್ಸಿನ ಗಂಡಸು ನಿಂತಿದ್ದ. ಮೈಗೆ ಅಂಟಿದ ಗಿಳಿಹಸಿರು ಅಂಗಿ, ತಲೆಗೆ ಬುಟ್ಟಿಯಂಥ ಟೋಪಿ. ಬೆಂಗಳೂರಿನಿಂದ ಸೈಕಲ್ ತುಳಿದುಕೊಂಡೇ ಬಂದೆ, ಶಿವನಸಮುದ್ರಕ್ಕೆ ಹೊರಟಿದ್ದೇನೆ ಎಂದ. ಯಾರೂ ಕೇಳಿರಲಿಲ್ಲ. ಅವನ ಕೈಯಲ್ಲಿ ಯುದ್ಧಕಾಲದ ಮಿಲಿಟರಿ ನೀರಿನ ಬಾಟ್ಲು ಇತ್ತು. ತಗಡಿನ ಮೈ, ಅದರ ಸುತ್ತ ಹೊಲಿದ ಖಾಕಿ ಕಂಬಳಿ ಬಟ್ಟೆ.

"ದೂರದ ಸವಾರಿಗೆ ನೀರೇ ಮುಖ್ಯ ಸಾರ್. ಬಾಯಾರಿಕೆ ಆಗೋಕ್ಕೆ ಮುಂಚೇನೇ ಕುಡೀಬೇಕು" ಎಂದು ನನಗೆ ಉಪದೇಶ ಮಾಡಿದ. ನನ್ನ ವಯಸ್ಸು ನೋಡಿಯಾದರೂ ಸುಮ್ಮನಿರಬಹುದಿತ್ತು. ಸೋರುವುದಿಲ್ಲವೆಂದು ತೋರಿಸಲು ಅನ್ವರ ಕೊಡದಿಂದ ಬಾಟ್ಲಿಗೆ ನೀರು ತುಂಬಿದ. ತುಂಬುವಾಗ ಚೆಲ್ಲಿ ಬಟ್ಟೆ ಒದ್ದೆಯಾಯಿತು. ಆ ಒದ್ದೆ ಕಂಬಳಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬಾಯಿ ಒಣಗಿತು. ಎಷ್ಟೋ ವರ್ಷದ ಹಿಂದಿನ ಒಬ್ಬ ಮನುಷ್ಯ ಹ್ಯಾಟು ಸಮೇತ ಕಣ್ಣೆದುರು ಬಂದು ನಿಂತ. ಮುಚ್ಚಳ ಕೊಳ್ಳುವುದನ್ನೂ ಮರೆತು ಮನೆಗೆ ಬಂದೆ.

ಅದು ಯುದ್ಧದ ಕಾಲ. ಜಪಾನಿನವರು ಬರ್ಮಾ ಹಿಡಿದಿದ್ದರು, ಅಲ್ಲಿಂದ ಬರುವ ಅಕ್ಕಿ ನಿಂತುಹೋಗಿತ್ತು, ಎಲ್ಲೆಲ್ಲೂ ದವಸಕ್ಕೆ ಬಾಯಿ ಬಾಯಿ ಬಿಡುತ್ತಿದ್ದರು. ಸರ್ಕಾರ ಲೆವಿ ಹಾಕಿತು. ರೈತ ಬೆಳೆದದ್ದರಲ್ಲಿ ಮನೆಮಂದಿಯ ಊಟಕ್ಕೂ ಬಿತ್ತನೆಗೂ ಇಷ್ಟು ಎಂದು ಬಿಟ್ಟು, ಮಿಕ್ಕದ್ದನ್ನು ಸರ್ಕಾರ ಹೇಳಿದ ಬೆಲೆಗೆ ಸರ್ಕಾರಕ್ಕೇ ಅಳೆಯಬೇಕು. ಕಾಗದದ ಮೇಲೆ ಓದಿದರೆ ಧರ್ಮರಾಯನೇ ಕೂತು ಬರೆದ ಹಾಗಿತ್ತು. ಅಳೆಸಿಕೊಳ್ಳಲು ಹಳ್ಳಿಗೆ ಹೋಗುತ್ತಿದ್ದವರು ಮಾತ್ರ ಧರ್ಮರಾಯರಾಗಿರಲಿಲ್ಲ.

ನಾನು ಬೆಸಗರಹಳ್ಳಿಯವನು, ಹೆಸರು ನಿಂಗೇಗೌಡ. ಮದ್ದೂರಿನಲ್ಲಿ ಓದಿ, ಕೆಲಸವಿಲ್ಲದೆ ಅಪ್ಪನ ಕಣ್ಣಿಗೆ ಕಸವಾಗಿದ್ದ ನನಗೆ ಆ ವರ್ಷ ಲೆವಿ ಗುಮಾಸ್ತನ ಹಂಗಾಮಿ ಕೆಲಸ ಸಿಕ್ಕಿತು. ಅದಕ್ಕೆ ಬೇಕಿದ್ದ ಅರ್ಹತೆ ಎರಡೇ. ಕೂಡಿ ಕಳೆಯಲು ಬರಬೇಕು, ಸ್ವಂತ ಸೈಕಲ್ ಇರಬೇಕು. ಪೆಟ್ರೋಲಿಗೆ ಬರ ಬಂದು, ಬಸ್ಸುಗಳೆಲ್ಲ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಕೆಮ್ಮುತ್ತಾ ಓಡುತ್ತಿದ್ದ ದಿನಗಳು. ದಿಬ್ಬ ಬಂದರೆ ಟಿಕೆಟ್ಟು ಕೊಂಡವರೇ ಇಳಿದು ತಳ್ಳಬೇಕು. ಹೀಗಾಗಿ ಸರ್ಕಾರವೂ ಸೈಕಲ್ ಮೇಲೆಯೇ ಓಡಾಡುತ್ತಿತ್ತು.

ನನ್ನ ಮೇಲಿನವನು ಲೆವಿ ಇನ್ಸ್‌ಪೆಕ್ಟರ್ ಪಿ. ರಾಜ್. ಹೆತ್ತವರು ಇಟ್ಟ ಹೆಸರು ಪುಟ್ಟರಾಜೇಗೌಡ. ಮೈಸೂರಿಗೆ ಓದಲು ಹೋದವನು ಹೆಸರಿನ ತಲೆಯಲ್ಲಿ ಒಂದಕ್ಷರ ಉಳಿಸಿ, ಬಾಲವನ್ನು ಕತ್ತರಿಸಿ ಎಸೆದು ಬಂದಿದ್ದ. ಬಿಳಿ ಹ್ಯಾಟು, ಮೊಣಕಾಲಿನವರೆಗೆ ಕಾಲುಚೀಲ, ಉಚ್ಚರಿಸುವಾಗ ತುಟಿಗೆ ತುಟಿ ತಾಗದ ಕನ್ನಡ. ಹಳ್ಳಿಗೆ ಹೋದರೆ ಜನ, "ರಾಜ್ ಅಂದ್ರೆ ಅರಸುಗಳಾ ಬುದ್ದಿ? ಅರಮನೆ ಕಡೇರಾ?" ಎಂದು ಕೇಳುತ್ತಿದ್ದರು. ಆತ ಹೌದು ಅನ್ನುತ್ತಿರಲಿಲ್ಲ, ಅಲ್ಲ ಅಂತಲೂ ಅನ್ನುತ್ತಿರಲಿಲ್ಲ. ಮೀಸೆ ನೀವಿಕೊಂಡು ಮುಗುಳ್ನಗುತ್ತಿದ್ದ. ನಾವು ಆ ಬೇಸಿಗೆ ಅನುಭವಿಸಿದ ಬಾಯಾರಿಕೆಯೆಲ್ಲ ಆ ಮುಗುಳ್ನಗೆಯಿಂದಲೇ ಬಂದದ್ದು.

ಮಂಡ್ಯದ ಸುತ್ತಮುತ್ತ ಬಾಯಾರಿಕೆಯ ಮಾತಿಲ್ಲ. ಕಾಲುವೆಯುಂಟು, ಕಬ್ಬುಂಟು, ಆಲೆಮನೆಯ ಮುಂದೆ ಇಳಿದರೆ ಒಂದು ಲೋಟ ಕಬ್ಬಿನ ಹಾಲುಂಟು. ಮಳವಳ್ಳಿ ದಾಟಿ ಕಾಲುವೆ ತಲುಪದ ಕಡೆಗೆ ತಿರುಗಿದರೆ ಕಥೆಯೇ ಬೇರೆ. ಕೆಮ್ಮಣ್ಣು, ಕಾರೆ ಮುಳ್ಳು, ಒಣಗಿದ ಕಟ್ಟೆ. ಆಚೆ ಶಿವನಸಮುದ್ರದಲ್ಲಿ ಕಾವೇರಿ ಮೇಲಿಂದ ಬಿದ್ದು ದೂರದ ಚಿನ್ನದ ಗಣಿಗೆ ಕರೆಂಟು ಮಾಡುತ್ತಿದ್ದಳು. ಈಚೆ ದಾರಿಯಲ್ಲಿ ನಾಲಗೆ ಒದ್ದೆ ಮಾಡಿಕೊಳ್ಳಲು ಒಂದು ಗುಟುಕು ಸಿಗುತ್ತಿರಲಿಲ್ಲ. ಅದಕ್ಕೇ ನಾನು ಬಂಡೂರಿನ ಕುರಿ ಕಾಯುವವನೊಬ್ಬನಿಗೆ ಹೊಗೆಸೊಪ್ಪು ಕೊಟ್ಟು ಅವನ ಸೋರೆ ಬುರುಡೆ ತೆಗೆದುಕೊಂಡಿದ್ದೆ. ಒಣಗಿಸಿ ತಿರುಳು ತೆಗೆದ ಬುರುಡೆ, ನಾರಿನ ಹುರಿಯ ಬಲೆ, ಬಾಯಿಗೊಂದು ಮರದ ಬಿರಡೆ. ಹ್ಯಾಂಡಲ್ಲಿಗೆ ನೇತುಹಾಕಿದರೆ ಮಧ್ಯಾಹ್ನದವರೆಗೆ ನೀರು ತಣ್ಣಗಿರುತ್ತಿತ್ತು, ಚೂರು ಕಹಿ.

ಪಿ. ರಾಜ್ ಅದನ್ನು ನೋಡಿ ಮೂಗು ಮುರಿದ. "ನೀರು ಹೊರೋದು ಆಳಿನ ಕೆಲಸ ಕಣಯ್ಯ. ಆಫೀಸರ್ ಆದೋನು ಬುರುಡೆ ನೇತಾಕ್ಕೊಂಡು ಹೋದ್ರೆ ಜನ ಏನಂದಾರು?"

ಹೊರಲು ನಾಚಿಕೆಯಿದ್ದವನಿಗೆ ಕುಡಿಯಲು ನಾಚಿಕೆ ಇರಲಿಲ್ಲ. ಮೊದಲ ದಿಬ್ಬ ಏರುವಷ್ಟರಲ್ಲಿ "ಎಲ್ಲಿ ಕೊಡಯ್ಯ ಇಲ್ಲಿ" ಎಂದು ಕೈ ಚಾಚುತ್ತಿದ್ದ. ಕತ್ತೆತ್ತಿ ಸುರಿದುಕೊಂಡು, ಅರ್ಧ ಗಂಟಲಿಗೆ ಅರ್ಧ ಅಂಗಿಗೆ ಇಳಿಸಿ, "ಥೂ, ಸೋರೆ ವಾಸನೆ" ಎಂದು ಬುರುಡೆ ವಾಪಸ್ಸು ಕೊಡುತ್ತಿದ್ದ. ನಾನು ಇನ್ನೊಂದು ಬುರುಡೆ ಸಂಪಾದಿಸಿ ಎರಡು ಕಟ್ಟಿಕೊಂಡು ಹೊರಟೆ. ಎರಡನೆಯದರ ವಾಸನೆಯನ್ನೂ ಬೈದುಕೊಂಡೇ ಕುಡಿದು ಮುಗಿಸಿದ.

ಹಳ್ಳಿ ತಲುಪಿದರೆ ನೀರು ಸಿಗುತ್ತದೆ ಎಂದು ನೀವು ತಿಳಿದೀರಿ. ನಾನೂ ಹಾಗೇ ತಿಳಿದಿದ್ದೆ. ನಮ್ಮ ಸೀಮೆಯಲ್ಲಿ ಹಗೆಯವನು ಬಾಗಿಲಿಗೆ ಬಂದರೂ ಮೊದಲು ಬೆಲ್ಲ ನೀರು, ಆಮೇಲೆ ಜಗಳ. ನೀರಿಲ್ಲ ಅಂದ ಬಾಯಿಗೆ ಹುಳ ಬೀಳುತ್ತದೆ ಎಂದು ನಂಬಿದ ಜನ. ಲೆವಿಯವರಿಗೆ ನೀರು ಕೊಡಲು ಅವರಿಗೆ ಇಷ್ಟವಿರಲಿಲ್ಲ, ಇಲ್ಲ ಅನ್ನುವ ಧೈರ್ಯವೂ ಇರಲಿಲ್ಲ. ಅದಕ್ಕೆ ಅವರು ಪಿ. ರಾಜನ ಮುಗುಳ್ನಗೆಯನ್ನೇ ಹಿಡಿದುಕೊಂಡರು.

"ಕೊಡ್ಬೋದಾಗಿತ್ತು ಬುದ್ದಿ" ಅನ್ನುವರು, ಎರಡು ಕೈ ಜೋಡಿಸಿ. "ಅರಸುಗಳು ನಮ್ಮಂತೋರ ಮನೆ ನೀರು ಕುಡುದ್ರೆ ಊರ್ಗೇ ಪಾಪ ಸುತ್ಕತದೆ."

ಅವರು ಯಾರು? ಪಿ. ರಾಜನದೇ ಜಾತಿ, ಅವನದೇ ಗೌಡರು. ನಾನೂ ಗೌಡನೇ, ಬೆಸಗರಹಳ್ಳಿಯವನು ಎಂದು ಅಂಗಲಾಚಿದರೆ, "ಅರಸುಗಳು ಒಣಗಿ ನಿಂತಿರುವಾಗ ಅವರ ಮುಂದೆ ನಿಂಗೆ ಎಂಗ್ಲಾ ಕೊಡಾದು? ಮರ್ವಾದೆ ಆದದಾ?" ಎಂದು ನನ್ನ ಬಾಯಿಗೂ ಬಿರಡೆ ಹಾಕುತ್ತಿದ್ದರು. ತಾನೂ ಗೌಡನೇ ಎಂಬ ಒಂದು ಮಾತು ಪಿ. ರಾಜ್ ಆಡಿದ್ದರೆ ಕೊಡಗಟ್ಟಲೆ ನೀರು ಬರುತ್ತಿತ್ತು. ಆಡಲಿಲ್ಲ. ತುಟಿ ಸಿಪ್ಪೆ ಎದ್ದರೂ ಅರಸಾಗಿಯೇ ಇದ್ದ. ಎಂಥೆಂಥ ಮೂರ್ಖರನ್ನು ನೋಡಿದ್ದೇನೆ, ಮರ್ಯಾದೆಗಾಗಿ ಬಾಯಾರಿಕೆ ತಡೆದುಕೊಂಡ ಮೂರ್ಖ ಇವನೊಬ್ಬನೇ.

ಹಳ್ಳಿಯವರೇನೂ ಸಾಚಾಗಳಲ್ಲ. ಊರಿನ ದೊಡ್ಡ ಕುಳಗಳು ನಾವು ಬರುವ ಮುಂಚೆಯೇ ತಮ್ಮ ರಾಗಿಯನ್ನು ಹೊಳೆಯಾಚೆಗೆ ದಾಟಿಸಿ, ಕಾಳಸಂತೆಯಲ್ಲಿ ಮಾರಿ, ನಮ್ಮೆದುರು ಬರಿದಾದ ಕಾಳಿನ ವಾಡೆ ತೋರಿಸಿ ಕಣ್ಣೊರೆಸಿಕೊಳ್ಳುತ್ತಿದ್ದರು. ನಮ್ಮ ಇನ್ಸ್‌ಪೆಕ್ಟರೂ ಅವರ ಜೊತೆ ಕಣ್ಣೊರೆಸಿಕೊಳ್ಳುತ್ತಿದ್ದ. ಸಿಕ್ಕಿಬೀಳುತ್ತಿದ್ದವರು ಗಾಡಿಯಿಲ್ಲದವರು, ಗಂಡನಿಲ್ಲದವರು, ಮೇಲಿನವರ ಪರಿಚಯವಿಲ್ಲದವರು. ಬೆಳಕವಾಡಿ ದಾರಿಯಿಂದ ಒಳಕ್ಕೆ ಹೋದರೆ ಸಿಗುವ ಒಂದು ಹಳ್ಳಿಯ ಕೆಂಪಮ್ಮ ಅಂಥವಳು.

ಕೆಂಪಮ್ಮ ವಿಧವೆ. ಹಿರಿಯ ಮಗ ಸಂಬಳದ ಆಸೆಗೆ ದಂಡಿಗೆ ಸೇರಿ ಎಲ್ಲೋ ಹೋಗಿದ್ದ. ಮನೆಯಲ್ಲಿ ಕಿರಿಯ ಮಗ, ಇಬ್ಬರು ಸೊಸೆಯರು, ಸೊಂಟಕ್ಕೊಂದು ಕೈಗೊಂದು ಮೊಮ್ಮಕ್ಕಳು. ಹಿಂದೊಂದು ವರ್ಷ ಮಳೆ ಕೈಕೊಟ್ಟಾಗ ಹಸಿದು ಬುದ್ಧಿ ಕಲಿತವಳು ಅವಳು. ಆಮೇಲಿಂದ ಪ್ರತಿ ಸುಗ್ಗಿಯಲ್ಲೂ ಒಂದಿಷ್ಟು ರಾಗಿಯನ್ನು ಹಗೇವಿಗೆ ಇಳಿಸುತ್ತಿದ್ದಳು. ಹಗೇವೆಂದರೆ ಗಟ್ಟಿ ನೆಲದಲ್ಲಿ ತೋಡಿದ ಗುಳಿ, ಬಾಯಿ ಕಿರಿದು, ಹೊಟ್ಟೆ ಅಗಲ. ಮೇಲೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಒಳಗಿನ ರಾಗಿ ಎಷ್ಟು ವರ್ಷವಾದರೂ ಕೆಡುವುದಿಲ್ಲ. ಇನ್ನೊಂದು ವರ್ಷ ಮಳೆ ಹೋದರೂ ಮನೆಮಂದಿ ಉಳಿಯಬೇಕು ಎಂಬುದು ಅವಳ ಲೆಕ್ಕ. ಸರ್ಕಾರದ ಭಾಷೆಯಲ್ಲಿ ಅದಕ್ಕೆ ಬಚ್ಚಿಟ್ಟ ಮಾಲು ಎಂದು ಹೆಸರು. ಆಗದವರು ಯಾರೋ ಪಿ. ರಾಜನ ಕಿವಿಗೆ ಸುದ್ದಿ ಹಾಕಿದರು. ಒಂದು ದೊಡ್ಡ ಹಗೇವು ತೆಗೆಸಿ ತೋರಿಸಿದರೆ ಬಡ್ತಿ ಎಂದು ಅವನ ಮೇಲಿನವರು ಬೇರೆ ಆಸೆ ತೋರಿಸಿದ್ದರು.

ಯುಗಾದಿ ಕಳೆದಿತ್ತು. ಮಳವಳ್ಳಿಯಿಂದ ಹೊರಟವರು ನಾವಿಬ್ಬರೇ. ಒಂದು ಬುರುಡೆಯನ್ನು ಆತ ಆಗಲೇ ಖಾಲಿ ಮಾಡಿದ್ದ. ಎರಡನೆಯದನ್ನು ಸೈಕಲ್ ನಿಲ್ಲಿಸದೆ, ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದು ಕುಡಿಯಹೋದ. ಮುಂದಿನ ಚಕ್ರ ಕಲ್ಲಿಗೆ ಎಗರಿತು. ಬುರುಡೆ ಕೈ ತಪ್ಪಿ ಬಿದ್ದು ಎರಡು ಹೋಳಾಯಿತು. ಕೆಮ್ಮಣ್ಣು ನೀರನ್ನು ಕುಡಿದು ಮುಗಿಸುವುದನ್ನು ಇಬ್ಬರೂ ನೋಡುತ್ತಾ ನಿಂತೆವು. "ಇಂಥ ಲಡ್ಡು ಸಾಮಾನು ಯಾಕ್ ತರ್ತೀಯಯ್ಯ" ಎಂದು ನನ್ನನ್ನೇ ಬೈದ.

ಕೆಂಪಮ್ಮನ ಮನೆ ಮುಂದೆ ಇಳಿಯುವ ಹೊತ್ತಿಗೆ ಅವನ ಮುಖ ಸುಟ್ಟ ಬದನೆಕಾಯಾಗಿತ್ತು. ಊರಿನ ತಳವಾರ ಇಬ್ಬರು ಆಳುಗಳನ್ನು ಹಾರೆ ಸಮೇತ ನಿಲ್ಲಿಸಿಕೊಂಡು ಕಾಯುತ್ತಿದ್ದ. ಹಗೇವು ಹುಲ್ಲಿನ ಮೆದೆಯ ಅಡಿಯಲ್ಲಿದೆ ಎಂಬುದೂ ಗೊತ್ತಾಗಿತ್ತು. ಕೆಂಪಮ್ಮ ಜಗಲಿಯ ಮೇಲೆ ಮೊರ ಹಿಡಿದು ಹುರುಳಿ ಕೇರುತ್ತಿದ್ದಳು. ನಮ್ಮನ್ನು ನೋಡಿದಳು, ಹಾರೆ ನೋಡಿದಳು, ಕೇರುವುದನ್ನು ನಿಲ್ಲಿಸಲಿಲ್ಲ.

ಪಿ. ರಾಜ್ ಕಂಬಕ್ಕೆ ಒರಗಿ, "ಸ್ವಲ್ಪ ನೀರು ಕೊಡಮ್ಮ" ಎಂದ.

"ನೀವು ಅರಮನೆ ಕಡೇರು ಬುದ್ದಿ. ನಮ್ಮನೆ ಚೆಂಬು ನಿಮ್ಮ ಬಾಯ್ಗೆ ಆಯ್ತದಾ? ಆ ಪಾಪ ನಾವ್ಯಾಕೆ ಕಟ್ಕಳಾವ?"

"ಪರವಾಗಿಲ್ಲ ಕೊಡು."

"ನಿಮ್ಗೆ ಪರ್ವಾಗಿಲ್ಲ, ನಮ್ಗಾಗಕಿಲ್ಲ. ಅರಸುಗಳ ಜಾತಿ ಕೆಡಿಸ್ದೋಳು ಅಂತ ನಾಳೀಕೆ ನನ್ನ ಆಡ್ಕತಾರೆ."

ಆತ ಕಂಬ ಹಿಡಿದುಕೊಂಡೇ ಜಾರಿ ಜಗಲಿಯ ಮೇಲೆ ಕೂತ. ಹ್ಯಾಟು ಉರುಳಿ ಅಂಗಳಕ್ಕೆ ಬಿತ್ತು. ತಳವಾರ ಅದನ್ನು ಎತ್ತಿಕೊಡಲಿಲ್ಲ, ನಾನೂ ಎತ್ತಿಕೊಡಲಿಲ್ಲ. ಅವನು ನೆಲ ನೋಡಿಕೊಂಡು, "ನಾನು ಅರಸು ಅಲ್ಲ" ಎಂದ.

"ಏನಂದ್ರಿ? ಕಿವಿ ಮಂದ ಕಣ್ ಬುದ್ದಿ ನಂಗೆ."

"ಗೌಡ್ರೋನು. ನಾನೂ ಗೌಡ್ರೋನೇ."

"ಯಾವೂರಾಯ್ತು?"

ಮದ್ದೂರಿನ ಪಕ್ಕದ ತನ್ನೂರಿನ ಹೆಸರು ಹೇಳಿದ. ಕೆಂಪಮ್ಮ ಅಪ್ಪನ ಹೆಸರು ಕೇಳಿದಳು. ಹೇಳಿದ. ಅವ್ವನ ತವರು ಕೇಳಿದಳು.

"ಬೆಳಕವಾಡಿ."

"ಬೆಳಕವಾಡೀಲಿ ಯಾರ ಮನೆ?"

"ಮ್ಯಾಗಲಮನೆ. ಮ್ಯಾಗಲಮನೆ ತಾಯಮ್ಮನ ಮಗ ಕಣವ್ವ ನಾನು." ಅಷ್ಟು ಹೊತ್ತಿಗೆ ಅವನ ನಾಲಗೆಯಿಂದ ಮೈಸೂರು ಪೂರಾ ಇಳಿದುಹೋಗಿತ್ತು.

ಕೆಂಪಮ್ಮ ಮೊರ ಕೆಳಗಿಟ್ಟಳು. "ತಾಯಮ್ಮ ನನ್ನ ಗಂಡಂಗೆ ದೊಡ್ಡಪ್ಪನ ಮಗ್ಳು. ನನ್ನ ಮದ್ವೇಲಿ ಆರ್ತಿ ಇಡ್ದೋಳು. ಅಂಗಾರೆ ನಾನು ನಿಂಗೆ ಸೋದರತ್ತೆ ಆಗ್ಬೇಕು. ಮದ್ಲೇ ಏಳ್ಬಾರ್ದಾ ಅಳಿಯ? ಒಂದು ಚೆಂಬು ನೀರ್ಗೆ ಇಷ್ಟೊತ್ತು ಒದ್ದಾಡ್ಬೇಕಿತ್ತಾ?"

ಇದರಲ್ಲಿ ಆಶ್ಚರ್ಯವೇನಿಲ್ಲ. ಮಳವಳ್ಳಿ ಸೀಮೆಯ ಇಬ್ಬರು ಗೌಡರನ್ನು ಒಂದು ಜಗಲಿಯ ಮೇಲೆ ಕೂರಿಸಿ, ಎಲೆ ಅಡಿಕೆ ಮೆಲ್ಲುವಷ್ಟು ಹೊತ್ತು ಬಿಟ್ಟರೆ ನೆಂಟಸ್ತಿಕೆ ತಾನಾಗಿ ಮೊಳೆಯುತ್ತದೆ. ಅವಳು ಒಳಗೆ ಹೋಗಿ ತಟ್ಟೆಯಲ್ಲಿ ಅಚ್ಚುಬೆಲ್ಲ, ಚೆಂಬಿನಲ್ಲಿ ನೀರು ತಂದಳು. ಆತ ಕುಡಿದ. ಸೊಸೆ ಇನ್ನೊಂದು ಚೆಂಬು ತಂದಳು, ಅದನ್ನೂ ಕುಡಿದ. ಮೂರನೆಯದಕ್ಕೆ ಮಜ್ಜಿಗೆ ಬಂತು. ನನಗೂ ಕೊಟ್ಟರು. ಆ ನೀರಿನ ರುಚಿ ಇವತ್ತಿಗೂ ನನ್ನ ಬಾಯಲ್ಲಿದೆ, ಚೂರು ಉಪ್ಪುಪ್ಪು, ಹೊಸ ಮಡಕೆಯ ವಾಸನೆ. ಕುಡಿದವನು ಅಲ್ಲೇ ಜಗಲಿಯ ಮೇಲೆ ಅಡ್ಡಾಗಿ ನಿದ್ದೆ ಹೋದ. ಕೆಂಪಮ್ಮ ಅಂಗಳಕ್ಕೆ ಉರುಳಿದ್ದ ಹ್ಯಾಟನ್ನು ತಂದು, ಧೂಳು ಒರೆಸಿ ಅವನ ತಲೆಯ ಹತ್ತಿರ ಇಟ್ಟಳು.

ಎದ್ದ ಮೇಲೆ ಅವನಿಗೆ ಬಡ್ತಿಯ ನೆನಪಾಯಿತು. ಮೆದೆಯ ಕಡೆ ನೋಡಿದ. ತಳವಾರ ಹಾರೆಯನ್ನು ಗೋಡೆಗೆ ಒರಗಿಸಿಬಿಟ್ಟ. "ಇದು ನಿಮ್ಮ ಸೋದರತ್ತೆ ಮನೆಯಾಯ್ತು ಬುದ್ದಿ. ಬೆಲ್ಲ ತಿಂದ್ರಿ, ನೀರು ಕುಡುದ್ರಿ. ಈಗ ಅಗೀರಿ ಅಂದ್ರೆ ನಮ್ಮ ಕೈ ಬರಾಕಿಲ್ಲ."

ಪಿ. ರಾಜ್ ಹ್ಯಾಟು ಇಟ್ಟುಕೊಂಡು ಸೈಕಲ್ ಹತ್ತಿದ. ಇವನಿಗೂ ಒಂದಿಷ್ಟು ಮಾನವಿದೆ ಎಂದು ದಾರಿಯುದ್ದಕ್ಕೂ ಅಂದುಕೊಂಡೆ. ಅವನ ಬಗ್ಗೆ ನಾನು ಒಳ್ಳೆಯದನ್ನು ಅಂದುಕೊಂಡದ್ದು ಅಷ್ಟೇ ದೂರ.

ಸುದ್ದಿ ಮಳವಳ್ಳಿ ಸಂತೆಯಲ್ಲಿ ಸೌತೆಕಾಯಿಗಿಂತ ಬೇಗ ಖರ್ಚಾಯಿತು. ನೀರು ಕೊಡದೆ ಕಾಡುವುದಕ್ಕಿಂತ ನೀರು ಕೊಟ್ಟೇ ಕಟ್ಟಿಹಾಕುವುದು ಸಲೀಸು ಎಂದು ಜನಕ್ಕೆ ಹೊಳೆಯಿತು. ಆ ವಾರದಿಂದ ನಾವು ಯಾವ ಹಳ್ಳಿಯ ಮೂಲೆ ತಿರುಗಿದರೂ ಹೆಂಗಸರು ಚೆಂಬು ಹಿಡಿದು ಸಾಲಾಗಿ ನಿಂತಿರುತ್ತಿದ್ದರು. "ಬೆಳಕವಾಡಿ ಅಳಿಯ ಬಂದ ಕಣ್ರೇ, ನೀರ್ ತನ್ರೇ." ಒಬ್ಬಳು ಅತ್ತೆ, ಒಬ್ಬಳು ಚಿಕ್ಕವ್ವ, ಒಬ್ಬಳು ದೂರದ ಅಕ್ಕ. ಬೇರೆ ಜಾತಿಯವರೂ ಬಿಡಲಿಲ್ಲ. ಕಂಬಳಿ ನೇಯುವ ಮುದುಕನೊಬ್ಬ, "ನಿಮ್ಮ ತಾತನೂ ನಾನೂ ಒಟ್ಗೆ ಕುರಿ ವ್ಯಾಪಾರ ಮಾಡ್ದೋರು ಕಣಪ್ಪ, ಒಂದು ಗುಟ್ಕಾದ್ರೂ ಕುಡಿ" ಎಂದು ಸೈಕಲ್ಲಿಗೆ ಅಡ್ಡ ನಿಂತ. ನೀರು ಸಿಗದೆ ಒಣಗುತ್ತಿದ್ದವನು ಈಗ ನೀರು ಕಂಡರೆ ಪೆಡಲು ಜೋರಾಗಿ ತುಳಿಯುತ್ತಿದ್ದ. ತುಟಿ ಒಡೆದು ರಕ್ತ ಜಿನುಗುತ್ತಿದ್ದರೂ, "ಬಾಯಾರಿಕೆ ಇಲ್ಲ, ಬಾಯಾರಿಕೆ ಇಲ್ಲ" ಅನ್ನುತ್ತಿದ್ದ. ಅವನು ಬೇಡವೆಂದ ನೀರನ್ನೆಲ್ಲ ಹಿಂದೆ ನಿಂತು ನಾನು ಕುಡಿದೆ. ನಾನು ಗುಮಾಸ್ತ, ಯಾರ ಹಗೇವನ್ನೂ ತೆಗೆಸುವ ಅಧಿಕಾರ ನನಗಿರಲಿಲ್ಲ. ಆ ಹದಿನೈದು ದಿನದಲ್ಲಿ ತಿಂದಷ್ಟು ಬೆಲ್ಲವನ್ನು ನಾನು ಮದುವೆಯಲ್ಲೂ ತಿಂದವನಲ್ಲ. ವಸೂಲಿ ಮಾತ್ರ ಸೊನ್ನೆ.

ಒಂದು ಸೋಮವಾರ ಪಿ. ರಾಜ್ ಮಂಡ್ಯದಿಂದ ಎರಡು ಮಿಲಿಟರಿ ಬಾಟ್ಲು ತಂದ. ರಜದ ಮೇಲೆ ಬಂದಿದ್ದ ಯಾವನೋ ಸಿಪಾಯಿಯಿಂದ ಕೊಂಡದ್ದು. ಕಂಬಳಿ ಬಟ್ಟೆ ಹೊಲಿದ, ತಿರುಗಿಸುವ ಮುಚ್ಚಳದ ಬಾಟ್ಲು. ಎಡಗಡೆಗೊಂದು ಬಲಗಡೆಗೊಂದು ಪಟ್ಟಿ ಅಡ್ಡಹಾಕಿಕೊಂಡು, ಎರಡು ಕಡೆಯೂ ಕೆಚ್ಚಲಿಳಿದ ಎಮ್ಮೆಯಾಗಿ ಸೈಕಲ್ ಹತ್ತಿದ.

"ಸಾರ್, ನೀರು ಹೊರೋದು ಆಳಿನ ಕೆಲಸ ಅಂದಿದ್ರಿ" ಎಂದೆ.

"ಇದು ಡಿಸಿಪ್ಲಿನ್ ಕಣಯ್ಯ. ಮಿಲಿಟರಿಯವರು ಹೊರಲ್ವಾ?"

ಅವತ್ತಿನಿಂದ ಅವನು ನೀರು ಹೊರುವುದರಲ್ಲಿ ಪಂಡಿತನಾದ. ಬಟ್ಟೆ ನೆನೆಸಿಕೊಂಡರೆ ಗಾಳಿಗೆ ನೀರು ತಣ್ಣಗಾಗುತ್ತದೆ ಎಂದು ಕಲಿತ. ಚಿಟಿಕೆ ಉಪ್ಪು ಹಾಕಲು ಕಲಿತ. ಯಾವ ಊರಿಗೆ ಎಷ್ಟು ಗುಟುಕು, ಯಾವ ದಿಬ್ಬಕ್ಕೆ ಎಷ್ಟು ಎಂದು ಲೆಕ್ಕ ಇಟ್ಟುಕೊಂಡ. "ಬಾಯಾರಿಕೆ ಆಗೋಕ್ಕೆ ಮುಂಚೇನೇ ಕುಡೀಬೇಕು" ಎಂದು ನನಗೆ ಪಾಠ ಹೇಳಿದ. ಗುಜರಿ ಅಂಗಡಿಯಲ್ಲಿ ಆ ಗಿಳಿಹಸಿರು ಅಂಗಿಯವನು ಹೇಳಿದ್ದೂ ಇದೇ ಮಾತು. ಪಾಪ, ಅವನು ತನ್ನ ಆರೋಗ್ಯಕ್ಕೆ ಹೇಳಿದ. ಪಿ. ರಾಜನಿಗೆ ಬೇಕಿದ್ದುದು ಬೇರೆ. ಬಾಯಾರಿದರೆ ತಾನು ಯಾರ ಮಗ ಎಂದು ಹೇಳಬೇಕಾಗುತ್ತದೆ. ಬಾಯಾರದಿದ್ದರೆ ಯಾರ ಮನೆಯಲ್ಲೂ ನೀರು ಕುಡಿಯಬೇಕಾಗಿಲ್ಲ, ಕುಡಿಯದ ಮೇಲೆ ಯಾರ ಮನೆ ಅಗೆಸಿದರೂ ಋಣವಿಲ್ಲ. ನೀರಿನ ಋಣದಿಂದ ತಪ್ಪಿಸಿಕೊಳ್ಳಲು ನೀರು ಹೊತ್ತ ಮನುಷ್ಯನನ್ನು ನಾನು ಅವನೊಬ್ಬನನ್ನೇ ಕಂಡಿದ್ದು. ವಸೂಲಿ ಮತ್ತೆ ಏರಿತು.

ಅವನಿಗೆ ಕೊನೆಗೆ ಏನಾಯಿತು ಎಂದು ಕೇಳುವವರಿರುತ್ತಾರೆ. ಅದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಏನೂ ಆಗಲಿಲ್ಲ. ಬಡ್ತಿ ಸಿಕ್ಕಿತು. ಸ್ವಾತಂತ್ರ್ಯ ಬಂದಾಗ ಹ್ಯಾಟು ತೆಗೆದು ಗಾಂಧಿ ಟೋಪಿ ಹಾಕಿಕೊಂಡ, ತಲೆ ಹಳೆಯದೇ. ಗೌಡ ಅನ್ನಿಸಿಕೊಂಡರೆ ಲಾಭ ಎಂಬ ಕಾಲ ಬಂದದ್ದೇ ಹೆಸರಿಗೆ ಬಾಲ ಮತ್ತೆ ಚಿಗುರಿ ಪುಟ್ಟರಾಜೇಗೌಡರಾದ. ಮೊಮ್ಮಕ್ಕಳನ್ನು ಕಂಡು, ಹಾಸಿಗೆಯ ಮೇಲೆ ಸುಖವಾಗಿ ಸತ್ತ. ಪಾಪ ಮಾಡಿದವನಿಗೆ ಇಲ್ಲೇ ಶಿಕ್ಷೆ ಅನ್ನುವವರು ಯಾರಾದರೂ ಇದ್ದರೆ ನನ್ನ ಹತ್ತಿರ ಬಂದು ಮಾತಾಡಲಿ.

ಕೆಂಪಮ್ಮನ ಮನೆಗೆ ನಾವು ಮತ್ತೆ ಹೋದದ್ದು ಬೇಸಿಗೆಯ ಕಡೆಯಲ್ಲಿ. ಈ ಸಲ ಪಿ. ರಾಜ್ ಊರಿನ ತಳವಾರನನ್ನು ನೆಚ್ಚಲಿಲ್ಲ. ಹೊಳೆಯಾಚೆಯಿಂದ, ಅವಳ ಮುಖ ನೋಡಿರದ ಕೂಲಿಯವರನ್ನು ಕರೆಸಿದ್ದ. ಹಿಂದೆ ಎರಡು ಎತ್ತಿನ ಗಾಡಿ. ಊರ ಬಾಗಿಲಲ್ಲೇ ನಾನು ಅವನಿಗೆ ಹೇಳಿದೆ, "ಸಾರ್, ಆ ಮನೇಲಿ ನಾನು ನೀರು ಕುಡಿದಿದ್ದೀನಿ. ನನ್ ಕೈಲಿ ಅಳತೆ ಬರೆಯೋಕಾಗಲ್ಲ."

"ನೀರಿನ ಋಣವಾ?" ಎಂದು ನಕ್ಕ. "ನಿನ್ನಂಥೋನು ಗುಮಾಸ್ತನಾಗೇ ಸಾಯ್ಬೇಕು. ಸೈಕಲ್ ಹಿಡ್ಕೊಂಡು ನಿಂತ್ಕೋ, ನಾನೇ ಬರ್ಕೋತೀನಿ." ಎರಡು ಸೈಕಲ್ಲನ್ನೂ ಹಿಡಿದುಕೊಂಡು ಕೆಂಪಮ್ಮನ ಮನೆಯೆದುರಿನ ಬೇವಿನ ಮರದ ಕೆಳಗೆ ನಿಂತೆ. ನಾನು ಬರೆಯದೆ ಇದ್ದುದರಿಂದ ಆ ಗುಳಿಯಲ್ಲಿ ಒಂದು ಕಾಳೂ ಹೆಚ್ಚಿಗೆ ಉಳಿಯಲಿಲ್ಲ, ಅದೂ ನನಗೆ ಗೊತ್ತು. ತಿಂಗಳ ಕೊನೆಗೆ ನನ್ನನ್ನು ಕೆಲಸದಿಂದ ತೆಗೆದರು.

ಮೆದೆ ಸರಿಸಿ, ಮಣ್ಣು ಕೆತ್ತಿ, ಚಪ್ಪಡಿ ಎತ್ತಿದರು. ಹಗೇವನ್ನು ತೆರೆದ ಕೂಡಲೇ ಇಳಿಯುವ ಹಾಗಿಲ್ಲ, ಒಳಗಿನ ಕೆಟ್ಟ ಗಾಳಿ ಹೋಗಬೇಕು, ಇಲ್ಲದಿದ್ದರೆ ಇಳಿದವನು ಹೆಣವಾಗಿ ಮೇಲೆ ಬರುತ್ತಾನೆ. ಎಲ್ಲರೂ ಬಿಸಿಲಲ್ಲಿ ಕಾದು ನಿಂತರು. ಗುಳಿಯಿಂದ ಹಳೇ ರಾಗಿಯ ಬಿಸಿ ಘಾಟು ಏಳುತ್ತಿತ್ತು. ಆಗ ಕೆಂಪಮ್ಮ ಒಳಗಿನಿಂದ ಬಂದಳು. ಒಂದು ಕೈಯಲ್ಲಿ ಬೆಲ್ಲದ ತಟ್ಟೆ, ಒಂದು ಕೈಯಲ್ಲಿ ಚೆಂಬು.

"ಬಿಸ್ಲು ಕಣಪ್ಪ. ನೀರು ಕುಡಿ."

ಪಿ. ರಾಜ್ ಮುಖ ತಿರುಗಿಸಲಿಲ್ಲ, ನಾಚಲೂ ಇಲ್ಲ. ಬಾಟ್ಲಿನ ಮುಚ್ಚಳ ತಿರುಗಿಸಿ, ಅವಳ ಎದುರಿಗೇ ಎರಡು ಗುಟುಕು ಕುಡಿದು, "ನನ್ನ ನೀರು ನನ್ನತ್ರ ಐತೆ" ಎಂದ.

ಅವಳು ಚೆಂಬು ಹಿಡಿದು ಹಾಗೇ ನಿಂತಳು. ಕೂಲಿಯವನು ಲಾಂದ್ರ ಇಳಿಸಿ ನೋಡಿ, ದೀಪ ಆರದಿದ್ದುದನ್ನು ಕಂಡು ಇಳಿದ. ಪುಟ್ಟಿ ಪುಟ್ಟಿಯಾಗಿ ರಾಗಿ ಮೇಲೆ ಬಂತು. ಕಡೆಗೆ ಬಿತ್ತನೆಗೆಂದು ಇಟ್ಟಿದ್ದ ಎಳ್ಳಿನ ಕುಡಿಕೆಯೊಂದು ಬಂತು. ಅದು ಲೆವಿಯ ಪಟ್ಟಿಯಲ್ಲಿರಲಿಲ್ಲ. ಅದೂ ಗಾಡಿಗೆ ಹೋಯಿತು. ಊಟಕ್ಕೆ ಬಿಡುವುದನ್ನು ಪಿ. ರಾಜ್ ಬೆರಳು ಮಡಚಿ ಎಣಿಸಿದ. ದಂಡಿಗೆ ಹೋದ ಮಗ ಇಲ್ಲಿ ಉಣ್ಣುವುದಿಲ್ಲ. ಮಕ್ಕಳದು ಅರ್ಧ ಹೊಟ್ಟೆ. ಮುದುಕಿಗೆ ಎಷ್ಟು ಬೇಕು? ಅಂಗಳದಲ್ಲಿ ಉಳಿದ ರಾಶಿಯನ್ನು ಕಿರಿಯ ಸೊಸೆ ಒಬ್ಬಳೇ ಸೆರಗಿನಲ್ಲಿ ಎರಡು ಸಲ ಒಳಗೆ ಸಾಗಿಸಿದಳು. ಕಿರಿಯ ಮಗ ಗೋಡೆಗೆ ಮುಖ ಮಾಡಿ ಕೂತಿದ್ದ. ಆ ಗಾಡಿಯ ರಾಗಿ ಯಾವ ಊರಿನ ಹೊಟ್ಟೆಗೂ ಹೋಗಲಿಲ್ಲ ಎಂದು ಆಮೇಲೆ ತಿಳಿಯಿತು. ಬಾಡಿಗೆಗೆ ಹಿಡಿದ ಒಂದು ಸೋರುವ ಕೊಟ್ಟಿಗೆಯಲ್ಲಿ ಮೊದಲ ಮಳೆಗೇ ನೆನೆದು ಮುಗ್ಗಿಹೋಯಿತು. ಹಗೇವಿನಲ್ಲಿದ್ದರೆ ಇನ್ನೂ ಎಷ್ಟೋ ವರ್ಷ ಇರುತ್ತಿತ್ತು.

ಗಾಡಿಗಳು ಹೊರಟವು. ಕೆಂಪಮ್ಮ ಬೆಲ್ಲದ ತಟ್ಟೆಯನ್ನು ಸೊಸೆಯ ಕೈಗೆ ಕೊಟ್ಟು, ಚೆಂಬು ಹಿಡಿದುಕೊಂಡು ಖಾಲಿ ಹಗೇವಿನ ಬಾಯಿಗೆ ಬಂದಳು. ಪಿ. ರಾಜ್ ಸೈಕಲ್ ಕೇಳಲು ನನ್ನ ಕಡೆ ನಡೆಯುತ್ತಿದ್ದ.

"ಅಳಿಯ" ಎಂದು ಕರೆದಳು. ಅವನು ನಿಂತ.

"ಸತ್ತೋರ್ಗೆ ಎಳ್ಳು ನೀರು ಬುಡ್ಬೇಕು. ಎಳ್ನೂ ನೀನೇ ತಕ್ಕಂಡೋದೆ. ಬರೀ ನೀರ್ನೇ ಬುಡ್ತೀನಿ ಕಣಪ್ಪ ನಿಂಗೆ."

ಹಾಗೆಂದು ಅವನಿಗಾಗಿ ತಂದಿದ್ದ ನೀರನ್ನು ಬಲಗೈ ಹೆಬ್ಬೆರಳ ಮೇಲಿಂದ ಗುಳಿಯೊಳಕ್ಕೆ ನಿಧಾನವಾಗಿ ಬಿಟ್ಟಳು. ಅವಳ ದನಿ ಏರಲಿಲ್ಲ. ಆಳವಾದ ಗುಳಿ, ನೀರು ತಳಕ್ಕೆ ಬೀಳುವ ಸದ್ದು ಬೇವಿನ ಮರದವರೆಗೂ ಕೇಳುತ್ತಿತ್ತು.

ಪಿ. ರಾಜ್‌ಗೂ ಕೇಳಿಸಿತು. ಅವನು ಎಡಗಡೆಯ ಬಾಟ್ಲನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಬಲಗಡೆಯದನ್ನೂ ಅಲ್ಲಾಡಿಸಿ ನೋಡಿದ. ಮಳವಳ್ಳಿ ತಲುಪುವವರೆಗೆ ಸಾಕಾಗುತ್ತದೆ ಎಂದು ಖಾತ್ರಿ ಮಾಡಿಕೊಂಡು, ನನ್ನ ಕೈಯಿಂದ ಸೈಕಲ್ ತೆಗೆದುಕೊಂಡು ಹತ್ತಿದ.